ಕಾರ್ಡೂನ್: ಎರವಲು ತಂದ ಹೊಗಳಿಕೆ

ಇಟಲಿಯ ಪೀಡ್‌ಮಾಂಟ್ ಸೀಮೆಯಲ್ಲಿ ನಿಜ್ಜಾ ಮೊನ್‌ಫೆರ್ರಾತೊ ಎಂಬ ಊರಿದೆ. ಅಲ್ಲಿನ ಮರಳುಮಣ್ಣಿನ ಹೊಲಗಳಲ್ಲಿ ಮೇ ತಿಂಗಳಲ್ಲಿ ಕಾರ್ಡೂನ್ ಎಂಬ ಮುಳ್ಳುಗಿಡದ ತರಕಾರಿ ಬಿತ್ತುತ್ತಾರೆ. ಸೆಪ್ಟೆಂಬರ್ ಬಂತೆಂದರೆ ರೈತ ಸೊಂಪಾಗಿ ಬೆಳೆದ ಗಿಡವನ್ನು ಪಕ್ಕಕ್ಕೆ ಬಾಗಿಸಿ, ಮೇಲೆ ಮಣ್ಣೆಳೆದು ಮುಚ್ಚಿಬಿಡುತ್ತಾನೆ. ಕತ್ತಲಲ್ಲಿ ಸಿಕ್ಕ ಗಿಡ ಬೆಳಕು ಹುಡುಕಿ ಮೇಲೇಳಲು ನೋಡುತ್ತದೆ. ಹಾಗೆ ಏಳುತ್ತ ಏಳುತ್ತ ದಂಟು ಉಬ್ಬುತ್ತದೆ, ಬೆನ್ನು ಗೂನಾಗುತ್ತದೆ, ಹಸಿರೆಲ್ಲ ಇಳಿದು ಬೆಳ್ಳಗಾಗುತ್ತದೆ. ಕಹಿಯೂ ಕಡಿಮೆಯಾಗುತ್ತದೆ. ಸುಮಾರು ಒಂದು ತಿಂಗಳ ನಂತರ ಅಗೆದು ತೆಗೆದ ಈ ದಂಟಿಗೆ ಅಲ್ಲಿನವರು ‘ಕಾರ್ದೊ ಗೊಬ್ಬೊ’ ಎನ್ನುತ್ತಾರೆ. ಗೂನು ಕಾರ್ಡೂನ್ ಎಂದೇ ಅದರ ಅರ್ಥ.

ಕಾರ್ಡೂನಿನ ಆರೋಗ್ಯಗುಣಗಳನ್ನು ಕೊಂಡಾಡುವ ಬರಹಗಳನ್ನು ಓದುವಾಗ ನನಗೆ ಈ ಒಂದು ತಿಂಗಳ ಕತ್ತಲು ನೆನಪಾಗುತ್ತದೆ. ಲಿವರ್‌ಗೆ ರಕ್ಷೆ, ಕೊಲೆಸ್ಟ್ರಾಲ್‌ಗೆ ಮದ್ದು ಎಂದೆಲ್ಲ ಬರೆಯುತ್ತಾರೆ. ಆ ಹೊಗಳಿಕೆಯಲ್ಲಿ ಬಹುಪಾಲು ತಟ್ಟೆಗೆ ಬರುವ ದಂಟಿಗೆ ಸಲ್ಲುವಂಥದ್ದಲ್ಲ. ಅದು ನೆಂಟರಿಂದ ಎರವಲು ತಂದದ್ದು.

ಮೊದಲು ದಂಟಿಗೆ ನಿಜವಾಗಿ ಸಲ್ಲುವುದನ್ನು ನೋಡೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಕಾರ್ಡೂನಿನಲ್ಲಿ 94 ಗ್ರಾಂ ನೀರೇ ಇದೆ. ಶಕ್ತಿ 17 ಕ್ಯಾಲರಿ, ನಾರು 1.6 ಗ್ರಾಂ, ಪೊಟ್ಯಾಶಿಯಂ 400 ಮಿಲಿಗ್ರಾಂ, ಮೆಗ್ನೀಶಿಯಂ 42, ಕ್ಯಾಲ್ಸಿಯಂ 70. ಫೋಲೇಟ್ 68 ಮೈಕ್ರೋಗ್ರಾಂ ಇದ್ದರೂ ಬೇಯಿಸಿದಾಗ ಬಹಳಷ್ಟು ಇಳಿದುಹೋಗುತ್ತದೆ. ‘ಸಿ’ ಜೀವಸತ್ವ ಬರೀ 2 ಮಿಲಿಗ್ರಾಂ. ಪೊಟ್ಯಾಶಿಯಂ, ಮೆಗ್ನೀಶಿಯಂ ಲೆಕ್ಕದಲ್ಲಿ ಇದು ಒಳ್ಳೆಯ ತರಕಾರಿಯೇ. ಆದರೆ ನಮ್ಮ ನುಗ್ಗೆಸೊಪ್ಪಿನ ಪಕ್ಕದಲ್ಲಿಟ್ಟರೆ ಮಂಕಾಗುತ್ತದೆ. ಹೊಗಳುವವರು ಹೇಳದೆ ಬಿಡುವ ಇನ್ನೊಂದು ಅಂಕಿ ಸೋಡಿಯಂನದು: 170 ಮಿಲಿಗ್ರಾಂ, ತರಕಾರಿಯ ಮಟ್ಟಿಗೆ ಹೆಚ್ಚೇ. ಪೀಡ್‌ಮಾಂಟಿನವರು ಇದನ್ನು ಬೆಳ್ಳುಳ್ಳಿ, ಉಪ್ಪು ಹಾಕಿದ ಆಂಚೊವಿ ಮೀನು, ಆಲಿವ್ ಎಣ್ಣೆ ಸೇರಿಸಿ ಕುದಿಸಿದ ‘ಬಾಞ್ಞ ಕಾವ್ದ’ದಲ್ಲಿ ಅದ್ದಿ ತಿನ್ನುತ್ತಾರೆ. ರುಚಿಗೆ ಅದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು. ಆದರೆ ಹಾಗೆ ತಿಂದ ಮೇಲೆ 17 ಕ್ಯಾಲರಿಯ ಮಾತಿಗೆ ಅರ್ಥವಿಲ್ಲ, ರಕ್ತದೊತ್ತಡ ಇರುವವರು ಉಪ್ಪಿನ ಲೆಕ್ಕವನ್ನೂ ಇಡಬೇಕು.

ಇನ್ನು ಸಸ್ಯಸಂಯುಕ್ತಗಳ ವಿಚಾರ. ಕಾರ್ಡೂನಿನಲ್ಲಿ ಕ್ಲೋರೊಜೆನಿಕ್ ಆಮ್ಲ ಇದೆ ಎಂಬುದನ್ನು ಅಡುಗೆಮನೆಯಲ್ಲೇ ಕಾಣಬಹುದು. ದಂಟನ್ನು ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಂದಾಗುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಇದೇ ಆಮ್ಲ ಗಾಳಿಗೆ ಬಿದ್ದು ಬದಲಾಗುವುದರಿಂದ. ನಾವು ಬಾಳೆಹೂವನ್ನು ಮಜ್ಜಿಗೆ ನೀರಿಗೆ ಹಾಕಿದ ಹಾಗೆ ಅವರು ಹೋಳುಗಳನ್ನು ನಿಂಬೆರಸದ ನೀರಿಗೆ ಹಾಕುತ್ತಾರೆ. ಅದಕ್ಕೂ ಮೊದಲು ದಂಟಿನ ಬೆನ್ನಿನಿಂದ ಉದ್ದುದ್ದ ನಾರು ಸೆಳೆದು ತೆಗೆಯಬೇಕು. ಬಾಳೆದಿಂಡು ಹೆಚ್ಚುವಾಗ ನಾರನ್ನು ಬೆರಳಿಗೆ ಸುತ್ತಿಕೊಂಡವರಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ. ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ ಬಸಿಯುತ್ತಾರೆ. ಬಸಿದ ನೀರಲ್ಲಿ ಬಸ್ಸಾರು ಮಾಡುವವರು ನಾವು. ಅವರು ಈ ನೀರು ಕಹಿಯೆಂದು ಚೆಲ್ಲುತ್ತಾರೆ. ನೀರಿನಲ್ಲಿ ಕರಗಿದ ಸಂಯುಕ್ತಗಳೂ ಅದರೊಂದಿಗೇ ಹೋಗುತ್ತವೆ. ಸಿನಾರೊಪಿಕ್ರಿನ್ ಎಂಬ ಕಹಿವಸ್ತು ತುಂಬಿರುವ ಎಲೆಯ ಭಾಗವನ್ನಂತೂ ಮೊದಲೇ ಸವರಿ ಎಸೆದಿರುತ್ತಾರೆ. ಹಸಿಯಾಗಿ ತಿನ್ನಬಹುದಾದ ನಿಜ್ಜಾದ ಗೂನು ಕಾರ್ಡೂನ್ ಬಸಿದು ಚೆಲ್ಲುವ ನಷ್ಟದಿಂದ ಪಾರಾಗುತ್ತದೆ. ಆದರೆ ಅದರ ಕಹಿ ಮಣ್ಣಿನಡಿಯಲ್ಲೇ ಇಳಿದಿರುತ್ತದೆ.

ಹಾಗಾದರೆ ಔಷಧದ ಮಾತು ಹುಟ್ಟಿದ್ದೆಲ್ಲಿ? ಕಾರ್ಡೂನ್ ಮತ್ತು ಆರ್ಟಿಚೋಕ್ ಒಂದೇ ಪ್ರಭೇದದ ಎರಡು ರೂಪಗಳು. ಒಂದರ ಎಲೆದಂಟನ್ನು ತಿನ್ನುತ್ತಾರೆ, ಇನ್ನೊಂದರ ಮೊಗ್ಗನ್ನು. (ನಮ್ಮ ಕುಸುಬೆಯೂ ಇದೇ ಬಳಗದ್ದು. ಉತ್ತರ ಕರ್ನಾಟಕದಲ್ಲಿ ಮುಳ್ಳು ಬಲಿಯುವ ಮುಂಚೆ ಕಿತ್ತ ಎಳೆ ಕುಸುಬಿಸೊಪ್ಪಿನ ಪಲ್ಯ ಉಂಡವರಿಗೆ ಈ ಮುಳ್ಳಿನ ಕುಲ ಹೊಸದಲ್ಲ.) ಕೊಲೆಸ್ಟ್ರಾಲ್ ಬಗ್ಗೆ ಮನುಷ್ಯರ ಮೇಲೆ ಪರೀಕ್ಷೆಯಾಗಿರುವುದು ಮುಖ್ಯವಾಗಿ ಆರ್ಟಿಚೋಕ್ ಎಲೆಯ ಗಟ್ಟಿಸಾರ. ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2013ರ ಪರಾಮರ್ಶೆಗೆ ಸಿಕ್ಕಿದ್ದು 3 ಪ್ರಯೋಗಗಳು, 262 ಜನ. ಕೊಲೆಸ್ಟ್ರಾಲ್ ಇಳಿಯುವ ಸೂಚನೆ ಇದೆ, ನಂಬಲು ಸಾಲುವಷ್ಟು ಆಧಾರ ಇನ್ನೂ ಇಲ್ಲ ಎಂಬುದೇ ಅದರ ತೀರ್ಮಾನ. ಎಲೆಸಾರದ ಈ ಅರೆ ಸಾಕ್ಷ್ಯವನ್ನು ಬೇಯಿಸಿ ಬಸಿದ ದಂಟಿಗೆ ಅಂಟಿಸುವುದು ಓದುಗರಿಗೆ ಮಾಡುವ ಅನ್ಯಾಯ. ಲಿವರ್ ರಕ್ಷಕವೆಂದು ಹೆಸರಾದ ಸಿಲಿಮರಿನ್ ವಿಚಾರದಲ್ಲಿ ಎಡವಟ್ಟು ಇನ್ನೂ ದೊಡ್ಡದು. ಅದು ಮಿಲ್ಕ್ ಥಿಸಲ್ ಎಂಬ ಬೇರೆಯೇ ಗಿಡದ ಬೀಜದ್ದು. ಇಟಾಲಿಯನ್ ಭಾಷೆಯಲ್ಲಿ ಆ ಗಿಡವೂ ‘ಕಾರ್ದೊ’ ಎಂಬ ಹೆಸರು ಹೊತ್ತಿರುವುದು ಗೊಂದಲಕ್ಕೆ ದಾರಿ ಮಾಡಿದೆ.

ಕಾರ್ಡೂನಿನದೇ ಆದ, ಯಾರೂ ಅಲ್ಲಗಳೆಯಲಾಗದ ಸಂಯುಕ್ತವೊಂದಿದೆ. ಆರೋಗ್ಯದ ಬರಹಗಳು ಅದರ ಗೊಡವೆಗೇ ಹೋಗುವುದಿಲ್ಲ. ಪೋರ್ಚುಗಲ್‌ನ ಸೆರ್ರಾ ದ ಎಸ್ತ್ರೇಲಾ ಬೆಟ್ಟಸೀಮೆಯಲ್ಲಿ ಕಾರ್ಡೂನಿನ ಒಣಗಿದ ನೇರಳೆ ಹೂವಿನಿಂದ ಕುರಿಹಾಲನ್ನು ಒಡೆಸಿ ಚೀಸ್ ಮಾಡುತ್ತಾರೆ. ಹೂವಿನಲ್ಲಿರುವ ಕಾರ್ಡೋಸಿನ್ ಎಂಬ ಕಿಣ್ವಗಳು ಹಾಲಿನ ಕೇಸೀನ್ ಪ್ರೋಟೀನನ್ನು ತುಂಡರಿಸಿ ಹೆಪ್ಪುಗಟ್ಟಿಸುತ್ತವೆ. ಮುಳ್ಳುಗಿಡದ ಹೂವಿನಿಂದ ಹಾಲು ಹೆಪ್ಪಾಗುವುದನ್ನು ರೋಮಿನ ಕೃಷಿಲೇಖಕ ಕೊಲುಮೆಲ್ಲಾ 1ನೇ ಶತಮಾನದಲ್ಲೇ ಬರೆದಿದ್ದಾನೆ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆಂದು ಚೀಸ್ ಮುಟ್ಟದ ಸಸ್ಯಾಹಾರಿಗಳಿಗೆ ಇದು ನಿಜಕ್ಕೂ ಉಪಕಾರದ ಸಂಗತಿ. ಈ ಗಿಡದ ಬಗ್ಗೆ ನನಗಿರುವ ಗೌರವದಲ್ಲಿ ದೊಡ್ಡ ಪಾಲು ಈ ಹೂವಿಗೇ ಸೇರಿದ್ದು.

ಚಳಿಗಾಲದಲ್ಲಿ ಟೊರಿನೊ, ಜಿನೀವಾ ಕಡೆ ಇರುವ ಕನ್ನಡಿಗರೇ, ಸಂತೆಯಲ್ಲಿ ಬೆಳ್ಳನೆಯ ದಂಟಿನ ಕಟ್ಟು ಕಂಡರೆ ಖಂಡಿತ ಕೊಳ್ಳಿ. ನಾರು ತೆಗೆದು, ಬೇಯಿಸಿ, ಉಪ್ಪು ಹಿಡಿದು ಹಾಕಿ, ತರಕಾರಿಯೆಂದೇ ತಿನ್ನಿ. ಎಲೆಸಾರದ ಗುಳಿಗೆಯ ಮಾತು ಬೇರೆ. ಪಿತ್ತಕೋಶದಲ್ಲಿ ಕಲ್ಲಿರುವವರು, ಸೇವಂತಿಗೆ ಕುಟುಂಬದ ಗಿಡಗಳ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಅದನ್ನು ನುಂಗಬೇಡಿ.