ಹುಡುಕುವ ಪದವನ್ನು ಕೊಟ್ಟವರು ಯಾರು?

2020ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಊರಿನಿಂದ ಅಕ್ಕ ಫೋನ್ ಮಾಡಿದಳು. ಕಾಲೇಜು ಮುಚ್ಚಿದ್ದರಿಂದ ಅವಳ ಮಗ ಬೆಂಗಳೂರಿನಿಂದ ಮನೆಗೆ ಬಂದು ಆರು ತಿಂಗಳಾಗಿತ್ತು. “ಅವನ ಬ್ಯಾಗಲ್ಲಿ ಏನೋ ಸಿಕ್ಕಿದೆ ಕಣೋ. ಯಾರನ್ನ ಕೇಳೋದು ಅಂತ ಗೊತ್ತಾಗ್ತಿಲ್ಲ. ಭಾವಂಗೆ ಹೇಳಿದ್ರೆ ಮನೇಲಿ ರಣರಂಗ ಆಗುತ್ತೆ. ನೀನು ಸ್ವಲ್ಪ ನೋಡಿ ಹೇಳು” ಎಂದಳು. ಅವಳು ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು.

ಕನ್ನಡ ಪಾಠ ಮಾಡುವ ನನಗೂ ಏನೂ ಗೊತ್ತಿರಲಿಲ್ಲ. ಫೋನಿನಲ್ಲಿ ಕನ್ನಡದಲ್ಲೇ ‘ಡ್ರಗ್ಸ್ ಚಟ’ ಎಂದು ಬರೆದು ಹುಡುಕಿದೆ. ಬಂದದ್ದು ಇಬ್ಬರು ನಟಿಯರ ಚಿತ್ರಗಳು. ಪೊಲೀಸ್ ಜೀಪು, ತಲೆಕೂದಲ ಪರೀಕ್ಷೆ, ಪಾರ್ಟಿ, ‘ನಶೆಯ ನಂಟು’, ‘ಡ್ರಗ್ಸ್ ಘಾಟು’. ಬೆರಳು ನೋಯುವಷ್ಟು ಕೆಳಗಿಳಿದರೂ ಒಬ್ಬ ವೈದ್ಯರ ಮಾತು ಸಿಗಲಿಲ್ಲ. ಆಗ ನನಗೆ ಹೊಳೆದದ್ದು ಇಷ್ಟು: ನಾನು ಬರೆದ ಪದವೇ ನನ್ನದಾಗಿರಲಿಲ್ಲ. ಒಂದು ತಿಂಗಳಿನಿಂದ ಟಿವಿ ಅದನ್ನು ನನ್ನ ಬಾಯಿಗೆ ತುರುಕಿತ್ತು.

ಆ ಸೆಪ್ಟೆಂಬರ್ ನೆನಪಿರಬಹುದು. ಬೆಂಗಳೂರಿನ ಸಿಸಿಬಿ ಪೊಲೀಸರು ಕನ್ನಡದ ಇಬ್ಬರು ನಟಿಯರನ್ನು ಬಂಧಿಸಿದ್ದರು. ಮುಂಬೈಯಲ್ಲಿ ಸುಶಾಂತ್ ಸಿಂಗ್ ರಜಪೂತ್ ಸಾವಿನ ಬೆನ್ನಲ್ಲೇ ಎನ್‌ಸಿಬಿ ತನಿಖೆಗಿಳಿದಿತ್ತು. ಮನೆಯಲ್ಲೇ ಕೂತಿದ್ದ ನಾವೆಲ್ಲ ಬೆಳಗಿನಿಂದ ರಾತ್ರಿವರೆಗೆ ಅದನ್ನೇ ನೋಡಿದೆವು. ಮುಂದೆ ಆ ಇಬ್ಬರ ಮೇಲಿನ ಪ್ರಕರಣಗಳನ್ನೂ ಹೈಕೋರ್ಟ್ ರದ್ದುಪಡಿಸಿತು. ಬಂಧನಕ್ಕೆ ಸಿಕ್ಕಿದ ಹೊತ್ತು ಈ ಸುದ್ದಿಗೆ ಸಿಗಲಿಲ್ಲ.

ನನ್ನ ತಕರಾರು ಭಾಷೆಯದು. ನಮ್ಮ ಸಿನಿಮಾ ಪುಟಗಳಿಗೆ ‘ಮಾದಕ’ ಹಳೆಯ ಪದ. ಮಾದಕ ನೋಟ, ಮಾದಕ ಚೆಲುವೆ ಎಂದು ದಶಕಗಳಿಂದ ಬರೆದಿದ್ದೇವೆ. ಆ ಪದವೇ ‘ಮಾದಕ ಜಾಲ’ವಾಗಿ ಅಪರಾಧದ ಪುಟಕ್ಕೆ ಬಂದಾಗ ತನ್ನ ಹಳೆಯ ಬಣ್ಣವನ್ನೂ ಹೊತ್ತು ತಂದಿತು. ಹೀಗಾಗಿ ಅಪರಾಧದ ವರದಿಯನ್ನು ನಾವು ಸಿನಿಮಾ ಪುಟದ ಗದ್ಯದಲ್ಲಿ ಓದಿದೆವು. ಹಾಗೆ ಓದಿದವನು ಹುಡುಕಲು ಕೂತರೆ ಏನನ್ನು ಹುಡುಕುತ್ತಾನೆ? ಫೋಟೋ, ವಿಡಿಯೋ, ಪಾರ್ಟಿಗೆ ಬಂದವರ ಪಟ್ಟಿ. ತಪ್ಪು ಓದುಗನದಷ್ಟೇ ಅಲ್ಲ.

ಇಂಥ ಹುಡುಕಾಟದ ಏರಿಳಿತವನ್ನು ಗೂಗಲ್ ಟ್ರೆಂಡ್ಸ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಆಯ್ದ ಅವಧಿಯಲ್ಲಿ ಅತಿ ಹೆಚ್ಚು ಹುಡುಕಿದ ಹೊತ್ತಿಗೆ 100 ಅಂಕ, ಉಳಿದದ್ದೆಲ್ಲ ಅದಕ್ಕೆ ಹೋಲಿಸಿ. ಎಷ್ಟು ಜನ ಎಂದು ಅದು ಹೇಳುವುದಿಲ್ಲ, ಏಕೆ ಎಂದೂ ಹೇಳುವುದಿಲ್ಲ. ಹುಡುಗನೊಬ್ಬನ ಕುತೂಹಲ ಮತ್ತು ತಾಯಿಯೊಬ್ಬಳ ಸಂಕಟ ಎರಡೂ ಆ ಗೆರೆಯಲ್ಲಿ ಒಂದೇ. ಆದ್ದರಿಂದ ‘ಸುದ್ದಿ ನೋಡಿ ಮಕ್ಕಳು ಕೆಟ್ಟರು’ ಎಂಬ ತೀರ್ಪಿಗೆ ಈ ಗೆರೆ ಸಾಕ್ಷಿಯಾಗಲಾರದು. ಸುದ್ದಿ ಜನರನ್ನು ಹುಡುಕಾಟಕ್ಕೆ ಹಚ್ಚುತ್ತದೆ ಎಂಬುದು ಮಾತ್ರ ನಿಜ. ಹಾಗೆ ಎದ್ದ ಜನ ಯಾವ ದಾರಿ ಹಿಡಿಯುತ್ತಾರೆ ಎನ್ನುವುದೇ ಪ್ರಶ್ನೆ.

ಒಳ್ಳೆಯ ದಾರಿಯನ್ನೂ ಹಿಡಿಯಬಲ್ಲರು. 2015ರ ನವೆಂಬರ್‌ನಲ್ಲಿ ಅಮೆರಿಕದ ನಟ ಚಾರ್ಲಿ ಶೀನ್ ತನಗೆ ಎಚ್‌ಐವಿ ಇದೆಯೆಂದು ಟಿವಿಯಲ್ಲಿ ತಾನೇ ಹೇಳಿದ. ಅಲ್ಲಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಚ್‌ಐವಿ ಕುರಿತ ಹುಡುಕಾಟಗಳು ನಿರೀಕ್ಷೆಗಿಂತ ಸುಮಾರು 27.5 ಲಕ್ಷ ಹೆಚ್ಚಾದವು. ಅವುಗಳಲ್ಲಿ 12.5 ಲಕ್ಷದಷ್ಟು ಕಾಂಡೋಮ್, ರೋಗಲಕ್ಷಣ, ಪರೀಕ್ಷೆಗೆ ಸಂಬಂಧಿಸಿದವು. ಅವನ ಹೆಸರಿನ ಜೊತೆಯಲ್ಲೇ ಜನ ತಮ್ಮ ದೇಹವನ್ನೂ ನೆನೆದುಕೊಂಡರು.

‘ಫ್ರೆಂಡ್ಸ್’ ಖ್ಯಾತಿಯ ಮ್ಯಾಥ್ಯೂ ಪೆರಿ ಕಥೆ ಬೇರೆ. 2022ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ವ್ಯಸನದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದ. ತಾನು ಸತ್ತ ಮೇಲೆ ಆ ಧಾರಾವಾಹಿಗಿಂತ ಮೊದಲು ಇತರರಿಗೆ ನೆರವಾದದ್ದು ನೆನಪಾಗಲಿ ಎಂದೂ ಹೇಳಿದ್ದ. 2023ರ ಅಕ್ಟೋಬರ್‌ನಲ್ಲಿ ಸತ್ತ. ಡಿಸೆಂಬರ್‌ನಲ್ಲಿ ಮರಣೋತ್ತರ ವರದಿ ಬಂದಾಗ ತಲೆಬರಹಗಳಲ್ಲಿ ಉಳಿದದ್ದು ಒಂದೇ ಪದ: ಕೆಟಮಿನ್. ಅದು ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಬಳಸುವ ಔಷಧಿ, ವೈದ್ಯರ ನಿಗಾದಲ್ಲಿ ಖಿನ್ನತೆಗೂ ಕೊಡುತ್ತಾರೆ. ಆತ ಕೊನೆಯ ಬಾರಿ ಪಡೆದ ಚಿಕಿತ್ಸೆಯಿಂದ ಅಷ್ಟು ಪ್ರಮಾಣ ದೇಹದಲ್ಲಿ ಉಳಿದಿರಲು ಸಾಧ್ಯವಿಲ್ಲ ಎಂದು ಆ ವರದಿಯೇ ಹೇಳಿತ್ತು. ಈ ಸೂಕ್ಷ್ಮ ತಲೆಬರಹದಲ್ಲಿ ಹಿಡಿಯಲಿಲ್ಲ. ಚಿಕಿತ್ಸೆಗಾಗಿ ಅದನ್ನೇ ಪಡೆಯುತ್ತಿರುವ ರೋಗಿ ಆ ರಾತ್ರಿ ಯಾವ ಭಯದಿಂದ ಫೋನ್ ಹಿಡಿದಿರಬಹುದು, ಯೋಚಿಸಿ.

ನಮ್ಮಲ್ಲಿಗೇ ಬರೋಣ. ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. 10ರಿಂದ 75 ವಯಸ್ಸಿನವರಲ್ಲಿ 14.6 ಶೇಕಡಾ ಮಂದಿ ಮದ್ಯ ಸೇವಿಸುತ್ತಾರೆ, ಗಾಂಜಾ ಭಂಗಿಯಂಥವನ್ನು ಬಳಸುವವರು 2.8 ಶೇಕಡಾ. ನಿಷೇಧಿತ ಪದಾರ್ಥಗಳಿಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನಟಿಯರ ಸುದ್ದಿ ನೋಡುತ್ತಿದ್ದ ಎಷ್ಟೋ ಮನೆಗಳಲ್ಲಿ ಈ ಉಳಿದ ಹತ್ತೊಂಬತ್ತು, ಮೂವತ್ತೇಳು ಜನರಲ್ಲಿ ಒಬ್ಬರು ಅದೇ ಸೋಫಾದ ಮೇಲೆ ಕೂತಿದ್ದರು. 14446 ಎಂಬ ಉಚಿತ ಸಹಾಯವಾಣಿಯಿದೆ. ಇಂಥದೊಂದು ಸಹಾಯವಾಣಿಯನ್ನು ತಿಂಗಳಿಡೀ ಪರದೆಯ ಕೆಳಗೆ ಓಡಿಸಲು ಏನು ಖರ್ಚಾಗುತ್ತಿತ್ತು? ಆತ್ಮಹತ್ಯೆಯ ಸುದ್ದಿಯನ್ನು ಹೇಗೆ ಬರೆಯಬೇಕೆಂದು ಪ್ರೆಸ್ ಕೌನ್ಸಿಲ್ 2019ರಲ್ಲೇ ಮಾರ್ಗಸೂಚಿ ಒಪ್ಪಿಕೊಂಡಿದೆ. ಈಗ ಅನೇಕರು ಅಂಥ ವರದಿಯ ಕೊನೆಗೆ ಸಹಾಯವಾಣಿ ಹಾಕುತ್ತಾರೆ. ವ್ಯಸನದ ಸುದ್ದಿಗೂ ಆ ಒಂದು ಸಾಲು ಬೇಕು.

ಅಂದ ಹಾಗೆ, ಕನ್ನಡದಲ್ಲಿ ‘ವ್ಯಸನ’ಕ್ಕೆ ಎರಡು ಅರ್ಥ. ಒಂದು ಚಟ, ಇನ್ನೊಂದು ದುಃಖ. ‘ವ್ಯಸನಪಡಬೇಡ’ ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದುದು ಎರಡನೆಯ ಅರ್ಥದಲ್ಲಿ. ನಮ್ಮ ಸುದ್ದಿಮನೆಗಳು ಮೊದಲನೆಯದನ್ನಷ್ಟೇ ಇಟ್ಟುಕೊಂಡವು.

ಅಕ್ಕನ ಮಗನಿಗೆ ದಾರಿ ಸಿಕ್ಕಿದ್ದು ಗೆಳೆಯನೊಬ್ಬ ಕೊಟ್ಟ ವೈದ್ಯರ ನಂಬರಿನಿಂದ. ಎರಡು ವರ್ಷ ಹಿಡಿಯಿತು, ಈಗ ಕೆಲಸದಲ್ಲಿದ್ದಾನೆ. ನಾನು ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಒಂದು ಅಭ್ಯಾಸ ಕೊಡುತ್ತೇನೆ: ತಾರೆಯೊಬ್ಬರ ಡ್ರಗ್ಸ್ ಸುದ್ದಿಗೆ ತಲೆಬರಹ ಬರೆಯಿರಿ, ನಡುರಾತ್ರಿ ನಿಮ್ಮ ಅಮ್ಮ ಫೋನಿನಲ್ಲಿ ಅದೇ ಪದಗಳನ್ನು ಬರೆದು ಹುಡುಕುತ್ತಾರೆ ಎಂದುಕೊಂಡು. ‘ನಂಟು’, ‘ಘಾಟು’ ಎರಡನ್ನೂ ಈವರೆಗೆ ಒಬ್ಬರೂ ಬಳಸಿಲ್ಲ.