ಭ್ರಮರಗೀತೆಯ ವಿಪ್ರಲಂಭ

ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಭಾಗವತದ ದಶಮಸ್ಕಂಧದ 47ನೆಯ ಅಧ್ಯಾಯದಲ್ಲಿರುವ ಭ್ರಮರಗೀತೆಯನ್ನು ಪಾಠ ಹೇಳುವಾಗ ಅದನ್ನು ಪ್ರವಾಸದಲ್ಲಿ ಸೇರಿಸಿ, ಗೋಪಿಯೇ ಜೀವ, ಕೃಷ್ಣನೇ ಪರಮಾತ್ಮ ಎಂದು ಮುಗಿಸಿಬಿಡುವುದು ಸುಲಭ. ಹಾಗೆ ಮುಗಿಸಿದಲ್ಲಿ ಕಾವ್ಯದ ಮರ್ಮ ಕೈತಪ್ಪುವುದೆಂದು ನಮ್ಮ ಅಭಿಪ್ರಾಯ.

ಪ್ರವಾಸವೆಂಬುದು ಮರಳುವ ಭರವಸೆಯುಳ್ಳ ಅಗಲಿಕೆ. ಮೇಘದೂತದ ಯಕ್ಷನ ಶಾಪಕ್ಕೆ ಒಂದು ವರ್ಷದ ಅವಧಿಯುಂಟು. ಉಳಿದ ದಿನಗಳನ್ನು ಎಣಿಸುವುದೇ ಅವನಿಗೊಂದು ಸಮಾಧಾನ. ಗೋಪಿಯರಿಗೆ ಆ ಎಣಿಕೆಯೂ ಇಲ್ಲ. ಬರುವೆನೆಂದು ಹೇಳಿ ಮಥುರೆಗೆ ಹೋದವನು ತಾನು ಬಾರದೆ ಉದ್ಧವನನ್ನು ಕಳುಹಿಸಿದ್ದಾನೆ. ಅವರು ಅವನನ್ನು ಮರಳಿ ಕಾಣುವುದು ಬಹುಕಾಲದ ಮೇಲೆ, ಸೂರ್ಯಗ್ರಹಣಕ್ಕೆಂದು ಕುರುಕ್ಷೇತ್ರದಲ್ಲಿ ನೆರೆದ ಜನಸಂದಣಿಯಲ್ಲಿ.

ಮಾಲಿನೀ ವೃತ್ತದ ಹತ್ತು ಶ್ಲೋಕಗಳಲ್ಲಿ ಹೆಸರಿಲ್ಲದ ಒಬ್ಬ ಗೋಪಿ ದುಂಬಿಯೊಂದನ್ನು ದೂತನೆಂದು ಭಾವಿಸಿ ಮಾತನಾಡುತ್ತಾಳೆ. ಮೊದಲು ಬೈಗುಳು: ಅದರ ಮೀಸೆಗೆ ಸವತಿಯರ ಕುಂಕುಮ ಅಂಟಿದೆ. ಬಳಿಕ ಆರೋಪ: ವಾಲಿ, ಶೂರ್ಪಣಖಿ, ಬಲಿ ಇವರ ಕಥೆಗಳೆಲ್ಲ ಅವನ ಕ್ರೌರ್ಯಕ್ಕೆ ಸಾಕ್ಷಿಯಾಗುತ್ತವೆ. ಅವನ ಸ್ನೇಹ ಇನ್ನು ಸಾಕೆಂದವಳು, ಅವನ ಕಥೆಯನ್ನು ಮಾತ್ರ ಬಿಡಲಾರೆನೆಂದು ಅಲ್ಲಿಯೇ ಒಪ್ಪಿಕೊಳ್ಳುತ್ತಾಳೆ. ಬೇಡನ ಹಾಡನ್ನು ನಂಬಿದ ಹೆಣ್ಣುಜಿಂಕೆಯಂತೆ ತಾವು ಮೋಸಹೋದೆವೆಂದು ಹೇಳುವುದೂ ಹಾಡಿನಲ್ಲಿಯೇ. ಕೊನೆಗೆ ಕೋಪವೆಲ್ಲ ಕರಗಿ ಒಂದು ಸಾಮಾನ್ಯ ಪ್ರಶ್ನೆ ಉಳಿಯುತ್ತದೆ: ಅವನು ತವರನ್ನು, ಗೆಳೆಯರನ್ನು, ತಮ್ಮನ್ನು ಎಂದಾದರೂ ನೆನೆಯುವನೆ? ಇಲ್ಲಿ ನಿಂದೆಯೆಂಬುದು ನೆನಪಿನ ಇನ್ನೊಂದು ರೂಪ. ಸಂಬಂಧ ಮುಗಿದಿದೆ, ಅದನ್ನು ಕುರಿತ ಮಾತು ಮುಗಿದಿಲ್ಲ.

ಉದ್ಧವನು ತಂದ ತತ್ತ್ವಸಂದೇಶದಿಂದ ಗೋಪಿಯರ ವಿರಹಜ್ವರ ಇಳಿಯಿತೆಂದು ಮೂಲವೇ ಹೇಳುತ್ತದೆಯಲ್ಲವೆ ಎಂದು ಕೇಳಬಹುದು. ನಿಜ. ಆದರೆ ಆ ಮಾತು ಬರುವ ಮುನ್ನ, ಸಂದೇಶವನ್ನು ಕೇಳಿದ ಮೇಲೆಯೂ, ಆ ನದಿ, ಆ ಬೆಟ್ಟ, ಆ ಕಾಡು ಮತ್ತೆ ಮತ್ತೆ ಅವನನ್ನು ನೆನಪಿಗೆ ತರುವಾಗ ಮರೆಯುವುದೆಂತು ಎಂದು ಅವರು ಕೇಳುತ್ತಾರೆ. ಇದಕ್ಕೆ ಉದ್ಧವನಲ್ಲಿ ಉತ್ತರವಿಲ್ಲ. ಉಪದೇಶಿಸಲು ಬಂದವನು ಕೆಲವು ತಿಂಗಳು ಅಲ್ಲಿಯೇ ನಿಂತು, ಅವರ ಪಾದಧೂಳಿ ಸೋಕುವ ಬೃಂದಾವನದ ಪೊದೆಯೋ ಬಳ್ಳಿಯೋ ಆಗಿ ಹುಟ್ಟಬೇಕೆಂದು ಹಾರೈಸುತ್ತಾನೆ. ಮೂರು ಲೋಕವನ್ನು ಪಾವನಗೊಳಿಸುವುದೆಂದು ಅವನು ಕೊಂಡಾಡುವುದು ತನ್ನ ಸಂದೇಶವನ್ನಲ್ಲ, ಅವರ ಹಾಡನ್ನು.

ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಕನ್ನಡದಲ್ಲಿ ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳನ್ನು ರಚಿಸಿದರು. ವೇದಾಂತದಲ್ಲಿ ಪ್ರೌಢರಾದ ಯತಿಗಳೇ ಈ ಅಳಲನ್ನು ಹಾಡಿಗೆ ಒಪ್ಪಿಸಿದರೆಂಬುದು ಗಮನಾರ್ಹ. ಜೀವ-ಪರಮಾತ್ಮರ ಅರ್ಥವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತೊರೆಯಲ್ಪಟ್ಟ ಹೆಣ್ಣಿನ ದನಿ ಮೊದಲು ಕಿವಿಗೆ ಬೀಳದಿದ್ದರೆ ಆ ಅರ್ಥಕ್ಕೆ ನೆಲೆಯಿಲ್ಲ. ತರಗತಿಯಲ್ಲಿ ವ್ಯಾಖ್ಯಾನಕ್ಕೆ ಮುನ್ನ ಹತ್ತು ಶ್ಲೋಕಗಳನ್ನು ಗಟ್ಟಿಯಾಗಿ ಓದಿಸುವುದು ಲೇಸು.