ನೀಲಿ ಮೇಲಂಗಿಯ ಸವಾರ

'ಬಿಲ್ ಕನಿಂಗ್‌ಹ್ಯಾಮ್ ನ್ಯೂಯಾರ್ಕ್' (2010) ಸಾಕ್ಷ್ಯಚಿತ್ರ ನೋಡಿದವರಿಗೆ ಅದರ ನಾಯಕ ಒಬ್ಬ ಸಂತನಂತೆ ಕಂಡರೆ ಆಶ್ಚರ್ಯವಿಲ್ಲ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗಾಗಿ ದಾರಿಹೋಕರ ಉಡುಪಿನ ಫೋಟೋ ತೆಗೆಯುತ್ತ, ಎಂಬತ್ತರ ಹತ್ತಿರದಲ್ಲೂ ಸೈಕಲ್ಲಿನಲ್ಲೇ ಊರು ಸುತ್ತುವ ಮನುಷ್ಯ. ಊರಿನ ಬೆಡಗೆಲ್ಲ ಅವರ ಕ್ಯಾಮೆರಾದಲ್ಲಿದೆ. ಮೈಮೇಲೆ ಮಾತ್ರ ಫ್ರಾನ್ಸಿನ ಕೂಲಿಕಾರರು ತೊಡುವ ನೀಲಿ ಮೇಲಂಗಿ. ಇದು ವೈರಾಗ್ಯವೆಂದು ನಂಬಿಸಲು ನಿರ್ದೇಶಕ ರಿಚರ್ಡ್ ಪ್ರೆಸ್ ಹೆಚ್ಚು ಕಷ್ಟಪಡಬೇಕಿಲ್ಲ.

ನಾನು ಒಪ್ಪಲಾರೆ. ಆ ಅಂಗಿಯ ಜೇಬುಗಳನ್ನು ನೋಡಿ, ಫಿಲ್ಮ್ ಸುರುಳಿಗಳಿಗೆಂದೇ ಹೊಲಿಸಿದಂತಿವೆ. ಕೊರಳಿಗೆ ನೇತುಬಿದ್ದ ಕ್ಯಾಮೆರಾ ದಿನವಿಡೀ ಉಜ್ಜಿದರೂ ತಾಳುವ ಬಟ್ಟೆ. ಹರಿದ ಮಳೆಯಂಗಿಗೆ ಅವರು ಟೇಪು ಅಂಟಿಸುವ ದೃಶ್ಯ ಮೊದಲಿಗೆ ನಗು ತರಿಸುತ್ತದೆ. ಆದರೆ ಒಂದು ಕಾಲಕ್ಕೆ ಹೆಂಗಸರ ಹ್ಯಾಟು ತಯಾರಿಸುತ್ತಿದ್ದ ಕೈ ಅದು. ತೇಪೆ ಹಾಕುವಾಗಲೂ ಅಳತೆ ಮರೆತಿಲ್ಲ. ಮಳೆ, ಪೆಡಲು, ವಾಹನಗಳ ನಡುವಿನ ಸಂದು ಎಲ್ಲವನ್ನೂ ಲೆಕ್ಕಹಾಕಿ ಉಡುವುದನ್ನು ಶೋಕಿ ಎನ್ನಲು ನಮಗೇಕೆ ಇಷ್ಟು ಹಿಂಜರಿಕೆ?

ಚಿತ್ರದ ಕೊನೆಯತ್ತ ಪ್ರೆಸ್ ಅವರ ಪ್ರೇಮ, ಚರ್ಚು ಎಲ್ಲವನ್ನೂ ಕೆದಕುತ್ತಾರೆ. ಮುದುಕರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಎಲ್ಲರೂ ಹೊಗಳುವ ಈ ದೃಶ್ಯ ನನಗೆ ಇರುಸುಮುರುಸು ತಂದಿತು. ಅದೇ ಹಟದಿಂದ ಆ ಮೇಲಂಗಿಯ ಬಗ್ಗೆ ಕೇಳಿದ್ದರೆ ಅವರು ಗಂಟೆಗಟ್ಟಲೆ ಮಾತಾಡುತ್ತಿದ್ದರೇನೋ.